ಕಮಲಾದೇವಿ ಚಟ್ಟೋಪಾಧ್ಯಾಯ: ಜಮಖಾನದ ಹಿಂದಿನ ಕೈ ಹುಡುಕಿದವರು



ನಮ್ಮ ಕಡೆ ಮದುವೆ ಇರಲಿ, ಸೀಮಂತ ಇರಲಿ, ಭಜನೆ ಇರಲಿ, ಅಟ್ಟದಿಂದ ಮೊದಲು ಇಳಿಯುವುದು ಜಮಖಾನ. ಸತರಂಜಿ ಅನ್ನುವವರೂ ಇದ್ದಾರೆ. ಚಂದಗಡದ ಮನೆಗಳಲ್ಲಿ ಎರಡೂ ಹೆಸರು ನಡೆಯುತ್ತವೆ. ನೂರು ಮಂದಿ ಅದರ ಮೇಲೆ ಕೂತು ಉಂಡು, ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋಗುತ್ತಾರೆ. ಅದನ್ನು ನೇಯ್ದವರು ಯಾರು, ಆ ಕೆಂಪು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಈ ಪ್ರಶ್ನೆಯನ್ನು ಜೀವಮಾನವಿಡೀ ಕೇಳುತ್ತ ದೇಶ ತಿರುಗಿದ ಒಬ್ಬ ಹೆಣ್ಣುಮಗಳು ನಮ್ಮ ಕನ್ನಡ ಕರಾವಳಿಯಿಂದಲೇ ಹೊರಟವರು. ಅವರ ಹೆಸರು ಎಲ್ಲರಿಗೂ ಗೊತ್ತು, ಕೆಲಸ ಮಾತ್ರ ಅರ್ಧವೇ ಗೊತ್ತು. ಆದ್ದರಿಂದ ಈ ಸಲ ಕಮಲಾದೇವಿ ಚಟ್ಟೋಪಾಧ್ಯಾಯರ ಬಗ್ಗೆ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಓದು ಬಲ್ಲವರು, ಸ್ವತಂತ್ರ ವಿಚಾರದವರು. ಕಮಲಾದೇವಿಯವರಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ಮುಟ್ಟಲಿಲ್ಲ. ತವರಿಂದ ತಂದದ್ದರಲ್ಲೇ ಮಕ್ಕಳನ್ನು ಬೆಳೆಸುತ್ತೇನೆಂದು ನಿಂತರು.

ಈ ಘಟನೆಯನ್ನು ಎಲ್ಲ ಜೀವನಚರಿತ್ರೆಗಳೂ ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನನಗೆ ಮಾತ್ರ ಅವರ ಮುಂದಿನ ಬದುಕೆಲ್ಲ ಇಲ್ಲಿಂದಲೇ ಶುರುವಾದಂತೆ ಕಾಣುತ್ತದೆ. ಮನೆ ನಡೆಸಿದ ಕೈಗೆ ಮನೆಯಲ್ಲಿ ಪಾಲಿಲ್ಲ ಎಂಬುದನ್ನು ಏಳನೆಯ ವಯಸ್ಸಿನಲ್ಲೇ ಕಂಡವರು, ಹಾಸು ನೇಯ್ದ ಕೈಗೆ ಹಾಸಿನ ಬೆಲೆಯಲ್ಲಿ ಪಾಲಿಲ್ಲ ಎಂಬುದನ್ನು ಬೇಗನೆ ಗುರುತಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹದಿನಾಲ್ಕಕ್ಕೆ ಮದುವೆ, ಎರಡು ವರ್ಷ ತುಂಬುವುದರೊಳಗೆ ವೈಧವ್ಯ. ಆಮೇಲೆ ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದು. ಅಲ್ಲಿದ್ದಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಮದುವೆಯಾಯಿತು. ವಿಧವೆಗೆ ಮರುಮದುವೆ, ಅದೂ ಬೇರೆ ನಾಡಿನ, ಬೇರೆ ಭಾಷೆಯವರೊಡನೆ. ಊರಿನಲ್ಲಿ ಎಷ್ಟು ಮಾತಾಗಿರಬೇಕು ಎಂದು ನಾವೇ ಊಹಿಸಬಹುದು. ಈ ಸಂಸಾರವೂ ಉಳಿಯಲಿಲ್ಲ. ಮಗ ರಾಮಕೃಷ್ಣ ಇದ್ದರೂ ಮುಂದೆ ವಿಚ್ಛೇದನ ಪಡೆದರು. ನಾಟಕದಲ್ಲಿ ಬಣ್ಣ ಹಚ್ಚಿದರು, 1931ರ ಮೂಕಿ ಚಿತ್ರ ಮೃಚ್ಛಕಟಿಕದಲ್ಲಿ ಪಾತ್ರವನ್ನೂ ಮಾಡಿದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಲ್ಲದಿದ್ದ ಕಾಲವದು.

ನಮ್ಮ ಗಡಿಭಾಗಕ್ಕೂ ಅವರಿಗೂ ನಂಟು ಇತ್ತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತಲ್ಲ, ಅದರ ವ್ಯವಸ್ಥೆಯ ಭಾರ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರ ಸೇವಾದಳದ ಮೇಲಿತ್ತು. ಮಹಿಳಾ ಸ್ವಯಂಸೇವಕರನ್ನು ಕೂಡಿಸಿದವರಲ್ಲಿ ಉಮಾಬಾಯಿ ಕುಂದಾಪುರರ ಜೊತೆಗೆ ಕಮಲಾದೇವಿಯವರೂ ಇದ್ದರು. ಮನೆ ಹೊಸಿಲು ದಾಟದ ಹೆಂಗಸರನ್ನು, ವಿಧವೆಯರನ್ನು ಕೂಡ, ಶಿಬಿರಕ್ಕೆ ಕರೆತಂದರು. ಚಂದಗಡದಿಂದ ಬೆಳಗಾವಿ ಎಷ್ಟು ದೂರ? ಈಗ ಬೆಳಿಗ್ಗೆ ಬಸ್ ಹತ್ತಿದರೆ ಪೇಟೆ ಮುಗಿಸಿ ಊಟಕ್ಕೆ ವಾಪಸು ಬರುತ್ತೇವೆ.

ಅವರ ರಾಜಕೀಯದ ಕಥೆ ದೊಡ್ಡದು, ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. 1926ರಲ್ಲಿ ಮದರಾಸು ಪ್ರಾಂತದ ಶಾಸನಸಭೆಗೆ ಮಂಗಳೂರಿನಿಂದ ನಿಂತು ಸ್ವಲ್ಪ ಮತಗಳಲ್ಲಿ ಸೋತರು. ದೇಶದಲ್ಲಿ ಹಾಗೆ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂದು ಅವರನ್ನು ಹೇಳುವುದುಂಟು. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಜೊತೆಯಲ್ಲಿ ಹೆಂಗಸರಿರಲಿಲ್ಲ. ಇದು ಸರಿಯಲ್ಲ ಎಂದು ಅವರಲ್ಲಿಗೇ ಹೋಗಿ ವಾದಿಸಿ, ಉಪ್ಪಿನ ಸತ್ಯಾಗ್ರಹದ ಬಾಗಿಲನ್ನು ಹೆಂಗಸರಿಗೆ ತೆರೆಸಿದವರಲ್ಲಿ ಕಮಲಾದೇವಿ ಮುಖ್ಯರು. ಮುಂಬಯಿಯ ಷೇರುಪೇಟೆಯ ಒಳಗೇ ನುಗ್ಗಿ ಕಾನೂನು ಮುರಿದ ಉಪ್ಪಿನ ಪೊಟ್ಟಣ ಮಾರಿದರು. ಸುಮಾರು ಒಂದು ವರ್ಷ ಜೈಲು ಕಂಡರು. ಮುಂದೆ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು.

ಸ್ವಾತಂತ್ರ್ಯ ಬಂದಾಗ ಇಂಥವರಿಗೆ ಅಧಿಕಾರದ ಕುರ್ಚಿ ದೂರವೇನೂ ಇರಲಿಲ್ಲ. ಆದರೆ ಅವರು ಹೋದದ್ದು ನಿರಾಶ್ರಿತರ ಶಿಬಿರಗಳಿಗೆ. ವಾಯವ್ಯ ಗಡಿ ಪ್ರಾಂತದಿಂದ ಎಲ್ಲ ಬಿಟ್ಟು ಬಂದ ಹತ್ತಾರು ಸಾವಿರ ಜನ ದೆಹಲಿಯ ಸುತ್ತ ಗುಡಾರಗಳಲ್ಲಿದ್ದರು. ಕಮಲಾದೇವಿಯವರು 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ಫರೀದಾಬಾದಿನಲ್ಲಿ ಆ ಜನರು ತಮ್ಮ ಊರನ್ನು ತಾವೇ ಕಟ್ಟಿಕೊಳ್ಳುವ ಕೆಲಸದಲ್ಲಿ ನಿಂತರು. ನಾವು ಗಡಿಯವರು. ಗೆರೆ ಎಳೆದವರು ಒಬ್ಬರು, ಅದರ ಪಕ್ಕ ಬದುಕುವವರು ಇನ್ನೊಬ್ಬರು ಎಂಬುದು ನಮಗೆ ಬೇರೆಯವರು ವಿವರಿಸಬೇಕಾದ ವಿಷಯವಲ್ಲ. ನಮ್ಮ ಗೆರೆಯಲ್ಲಿ ಯಾರೂ ಮನೆ ಬಿಟ್ಟು ಓಡಬೇಕಾಗಲಿಲ್ಲ ಎಂಬುದೇ ಪುಣ್ಯ.

ಕೈಕಸಬಿನ ಕಡೆಗೆ ಅವರು ಪೂರ್ತಿ ಹೊರಳಿದ್ದು ಆ ವರ್ಷಗಳಲ್ಲಿಯೇ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಆಯಿತು, ಅವರೇ ಅದರ ಅಧ್ಯಕ್ಷರು. ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಕೂಡ ಅವರ ಕೋಆಪರೇಟಿವ್ ಯೂನಿಯನ್ನಿನ ಕೈಗೆ ಬಂತು. ದೆಹಲಿ, ಮುಂಬಯಿ, ಕಲಕತ್ತ, ಬೆಂಗಳೂರು, ಈ ನಾಲ್ಕು ಕಡೆ ಮಂಡಳಿಯ ವಿನ್ಯಾಸ ಕೇಂದ್ರಗಳಾದವು. 1969ರಲ್ಲಿ ಭಾರತದ ರತ್ನಗಂಬಳಿ ಮತ್ತು ನೆಲಹಾಸುಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದರ ಹೆಸರನ್ನು ಗಮನಿಸಬೇಕು. ರತ್ನಗಂಬಳಿ ಎಂದು ಅಲ್ಲಿಗೇ ನಿಲ್ಲಿಸಲಿಲ್ಲ, ನೆಲಹಾಸುಗಳನ್ನೂ ಸೇರಿಸಿದರು. ಅರಮನೆಯ ಗಂಟುಹಾಸು, ಬಡವರ ಮನೆಯ ದರಿ ಎರಡೂ ಒಂದೇ ಹೆಸರಿನ ಕೆಳಗೆ ಬಂದವು.

ಇಲ್ಲಿ ನೇಯ್ಗೆಯ ವಿಚಾರ ಸ್ವಲ್ಪ ಹೇಳಬೇಕು. ರತ್ನಗಂಬಳಿಯಲ್ಲಿ ಹಾಸುನೂಲಿಗೆ ಉಣ್ಣೆಯ ಚಿಕ್ಕ ಚಿಕ್ಕ ಗಂಟುಗಳನ್ನು ಕಟ್ಟಿ, ತುದಿ ಕತ್ತರಿಸಿ, ಮೇಲ್ಮೈಯನ್ನು ಮೆತ್ತಗೆ ಮಾಡುತ್ತಾರೆ. ಒಂದು ಚದರ ಇಂಚಿಗೆ ಎಷ್ಟು ಗಂಟು ಎಂಬುದರ ಮೇಲೆ ಅದರ ಬೆಲೆ. ಜಮಖಾನಕ್ಕೆ ಗಂಟಿಲ್ಲ. ಬಣ್ಣದ ಹೊಕ್ಕುನೂಲನ್ನು ಹಾಸುನೂಲಿನ ನಡುವೆ ಬೇಕಾದಲ್ಲಿ ಮಾತ್ರ ಆಡಿಸಿ, ಕಬ್ಬಿಣದ ಹಲ್ಲಿನ ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಆದ್ದರಿಂದ ಎರಡೂ ಮೈ ಒಂದೇ ತರಹ ಕಾಣುತ್ತದೆ, ತಿರುವಿ ಹಾಸಬಹುದು. ನಮ್ಮ ಜಮಖಾನಗಳಲ್ಲಿ ಹೆಸರಾದದ್ದು ಧಾರವಾಡ ಜಿಲ್ಲೆಯ ನವಲಗುಂದದ್ದು. ಆದಿಲಶಾಹಿ ಕಾಲದ ಬಿಜಾಪುರದ ನೇಕಾರ ಮನೆತನಗಳು ಅಲ್ಲಿಗೆ ಬಂದು ನೆಲೆಸಿದವು ಎನ್ನುತ್ತಾರೆ. ನಿಲುವು ಮಗ್ಗದ ಮುಂದೆ ಕೂತು ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ನವಿಲು, ಪಗಡೆಯ ಹಾಸು, ಹೂವು ಅವರ ಚಿತ್ತಾರ. ವಿದ್ಯೆ ಬೇರೆ ಮನೆಗೆ ಹೋಗಬಾರದೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರು ಎಂಬ ಮಾತೂ ಇದೆ. 2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಆಗ ಕಮಲಾದೇವಿಯವರು ತೀರಿಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷವಾಗಿತ್ತು.

ಇನ್ನು ಬಣ್ಣ. ಅದರ ಕಥೆ ಗೊತ್ತಿಲ್ಲದಿದ್ದರೆ ಕಮಲಾದೇವಿಯವರು ಇಷ್ಟೇಕೆ ಹಟ ಹಿಡಿದರು ಎಂಬುದು ತಿಳಿಯುವುದಿಲ್ಲ.

ಹಿಂದೆ ಕೆಂಪು ಬರುತ್ತಿದ್ದದ್ದು ಮಂಜಿಷ್ಠದ ಬೇರಿನಿಂದ, ಅರಗಿನಿಂದ. ಹಳದಿ ಅರಿಶಿನದಿಂದ, ದಾಳಿಂಬೆಯ ಸಿಪ್ಪೆಯಿಂದ. ಕಪ್ಪಿಗೆ ತುಕ್ಕು ಹಿಡಿದ ಕಬ್ಬಿಣದ ಚೂರನ್ನು ಬೆಲ್ಲದ ನೀರಿನಲ್ಲಿ ಹಾಕಿ ದಿನಗಟ್ಟಲೆ ಕೊಳೆಸುತ್ತಿದ್ದರು. ಆದರೆ ಬೇರು ಕುದಿಸಿದ ನೀರಿಗೆ ನೂಲು ಅದ್ದಿದರೆ ಬಣ್ಣ ನಿಲ್ಲುವುದಿಲ್ಲ, ಒಂದೆರಡು ಒಗೆತಕ್ಕೆ ಹೋಗಿಬಿಡುತ್ತದೆ. ನಡುವೆ ಹಿಡಿದುಕೊಳ್ಳುವ ಒಂದು ವಸ್ತು ಬೇಕು. ಕೆಂಪಿಗೆ ಅದು ಪಟಿಕ. ಹತ್ತಿಯಾದರೆ ಪಟಿಕಕ್ಕೂ ಮೊದಲು ಅಳಲೆಕಾಯಿಯ ಒಗರು ಕುಡಿಸಬೇಕು. ಅಳಲೆಕಾಯಿ ಎಂದರೆ ನಮ್ಮ ಚಂದಗಡ, ಆಜರಾ ಕಾಡಿನ ಹಿರಡಾ. ಕೆಮ್ಮಿಗೆ ಅಜ್ಜಿ ಬಾಯಿಗೆ ಹಾಕುತ್ತಿದ್ದ ಅದೇ ಕಾಯಿ. ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಹದ ಮಾಡುವುದೂ ಈ ಹಿರಡಾ ಮತ್ತು ಜಾಲಿ ತೊಗಟೆಯಿಂದಲೇ. ಹಾಗೆಂದ ಮೇಲೆ ಈ ಕಾಡಿನ ಒಂದು ಕಾಯಿ ಕಾಲಿನ ಕೆಳಗಿನ ಚಪ್ಪಲಿಗೂ ಬೇಕು, ಚಪ್ಪಲಿ ಬಿಟ್ಟು ಕೂರುವ ಹಾಸಿಗೂ ಬೇಕು.

ನೀಲಿಯದ್ದು ಇನ್ನೂ ಬೇರೆ ಆಟ. ನೀಲಿ ನೀರಿನಲ್ಲಿ ಕರಗುವುದಿಲ್ಲ. ಸುಣ್ಣ, ಬೆಲ್ಲ ಹಾಕಿದ ಹರವಿಯಲ್ಲಿ ಹುಳಿ ಬರಿಸಿ, ಅದು ಹಸಿರು ಹಳದಿಗೆ ತಿರುಗುವವರೆಗೆ ಕಾಯಬೇಕು. ಹೆಚ್ಚು ತಣ್ಣಗಾದರೆ ಸಾಯುತ್ತದೆ, ಸುಣ್ಣ ಹೆಚ್ಚಾದರೆ ಕೆಡುತ್ತದೆ. ಅನುಭವ ಇದ್ದವರು ವಾಸನೆ ನೋಡಿಯೇ ಹೇಳುತ್ತಾರೆ. ಅದ್ದಿ ತೆಗೆದ ನೂಲು ಮೊದಲು ಹಸಿರಾಗಿ ಕಾಣುತ್ತದೆ, ಗಾಳಿಗೆ ಹಿಡಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಗಾಢ ಬೇಕೆಂದರೆ ಮತ್ತೆ ಮತ್ತೆ ಅದ್ದಬೇಕು. ನಮ್ಮ ಊರುಗಳಲ್ಲಿ ನೀಲಗಾರ, ರಂಗಾರಿ ಎಂಬ ಅಡ್ಡಹೆಸರಿನ ಮನೆಗಳು ಇನ್ನೂ ಇವೆ. ಕಸಬು ಹೋಗಿದೆ, ಹೆಸರು ಉಳಿದಿದೆ.

ಕಸಬು ಹೋದದ್ದು ಹೇಗೆ? 1856ರಲ್ಲಿ ಇಂಗ್ಲೆಂಡಿನಲ್ಲಿ ಪರ್ಕಿನ್ ಎಂಬ ಹುಡುಗ ಕಲ್ಲಿದ್ದಲ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. 1868ರಲ್ಲಿ ಜರ್ಮನಿಯಲ್ಲಿ ಮಂಜಿಷ್ಠದ ಕೆಂಪಿನ ಸತ್ತ್ವವನ್ನೇ ಪ್ರಯೋಗಶಾಲೆಯಲ್ಲಿ ಮಾಡಿದರು. 1897ರಲ್ಲಿ ಕೃತಕ ನೀಲಿ ಪೇಟೆಗೆ ಬಂತು. ಮೂರು ದಿನದ ಕೆಲಸ ಮೂರು ಗಂಟೆಗೆ ಇಳಿಯಿತು. ಮೊದಮೊದಲ ಡಾಂಬರು ಬಣ್ಣಗಳು ಬಿಸಿಲಿಗೆ ಮಾಸುತ್ತಿದ್ದವು, ನೀರಿಗೆ ಹರಡುತ್ತಿದ್ದವು. ರತ್ನಗಂಬಳಿಯ ತವರಾದ ಇರಾನಿನಲ್ಲಿ ಅವನ್ನು ನಿಷೇಧಿಸುವ ಆಜ್ಞೆಯೂ ಆಯಿತು. ಆದರೂ ಅಗ್ಗ ಎಂಬುದು ಗೆದ್ದಿತು.

ಬ್ರಿಟಿಷರ ಕಾಲದಲ್ಲಿ ಇನ್ನೊಂದು ಪೆಟ್ಟು ಬಿತ್ತು, ಜೈಲಿನ ಹಾಸುಗಳದ್ದು. ಆಗ್ರಾ, ಲಾಹೋರ್, ಪುಣೆಯ ಯರವಡಾ ಜೈಲುಗಳಲ್ಲಿ ಕೈದಿಗಳಿಂದ ರತ್ನಗಂಬಳಿ ನೇಯಿಸಿ ಮಾರುತ್ತಿದ್ದರು. ಬಿಜಾಪುರದ ಆಸಾರ್ ಮಹಲಿನ ಹಳೆಯ ಹಾಸುಗಳನ್ನು ಮಾದರಿ ಇಟ್ಟುಕೊಂಡು ಯರವಡಾದಲ್ಲಿ ಪ್ರತಿ ಮಾಡಿಸಿದ್ದೂ ಉಂಟು. ಕೂಲಿ ಕೊಡಬೇಕಿಲ್ಲದ ಕೈದಿಯ ಜೊತೆ, ಸಂಸಾರ ಸಾಕಬೇಕಾದ ನೇಕಾರ ಬೆಲೆಯಲ್ಲಿ ಹೇಗೆ ಸ್ಪರ್ಧಿಸಬೇಕು? ಆಸಾರ್ ಮಹಲಿನ ಆ ಮೂಲ ಹಾಸುಗಳು ಕಾಶ್ಮೀರದಿಂದ ಬಂದವು ಎಂಬ ಪ್ರತೀತಿ ಇದೆ. ಗೋಲಗುಮ್ಮಟಕ್ಕೆ ಹೋದವರು ಮೇಲೆ ಹತ್ತಿ ಕೂಗಿ ಬರುವ ಗಡಿಬಿಡಿಯಲ್ಲಿ ಮುಂದಿನ ವಸ್ತುಸಂಗ್ರಹಾಲಯ ಬಿಟ್ಟುಬಿಡುತ್ತಾರೆ. ಮುಂದಿನ ಸಲ ಬಿಡಬೇಡಿ, ಬಿಜಾಪುರದ ಹಳೆಯ ಹಾಸುಗಳನ್ನು ಅಲ್ಲಿ ಇಟ್ಟಿದ್ದಾರೆ.

ಕಮಲಾದೇವಿಯವರಿಗೆ ಸಿಕ್ಕ ದೇಶ ಹೀಗಿತ್ತು. ನೇಯುವವರು ಇದ್ದರು, ಬಣ್ಣ ಕಟ್ಟುವುದು ಬಲ್ಲವರು ವಯಸ್ಸಾದವರು, ಅವರ ಮಕ್ಕಳು ಬೇರೆ ಕೆಲಸ ಹುಡುಕುತ್ತಿದ್ದರು. ಆಂಧ್ರದ ಶ್ರೀಕಾಳಹಸ್ತಿಯ ಕಲಮಕಾರಿ ಇನ್ನೇನು ಆರುವ ದೀಪವಾಗಿತ್ತು. ಮಂಜಿಷ್ಠ, ಅಳಲೆ, ಬೆಲ್ಲ ಕಬ್ಬಿಣದ ಕಪ್ಪು, ಇವೇ ಅದರ ಜೀವ. 1950ರ ದಶಕದ ಕೊನೆಯಲ್ಲಿ ಮಂಡಳಿಯಿಂದ ಅಲ್ಲಿ ತರಬೇತಿ ಕೇಂದ್ರ ತೆರೆಸಿ, ಬಲ್ಲ ಹಿರಿಯರನ್ನು ಗುರುಗಳಾಗಿ ಕೂರಿಸಿ, ಹುಡುಗರಿಗೆ ವಿದ್ಯಾರ್ಥಿವೇತನ ಕೊಡಿಸಿದರು. ಇಂದು ಕಲಮಕಾರಿ ಸೀರೆ ಉಡುವವರೆಲ್ಲ ಆ ಕೇಂದ್ರಕ್ಕೆ ಸ್ವಲ್ಪವಾದರೂ ಋಣಿಗಳು. 1965ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಶುರುವಾಯಿತು. ಹಾಸಿನ ಮೇಲೆ ಕೂತವರ ಹೆಸರು ಮಾತ್ರ ಇತಿಹಾಸದಲ್ಲಿ ಬರುತ್ತಿದ್ದ ದೇಶದಲ್ಲಿ, ಮಾಡಿದವರ ಹೆಸರನ್ನು ದೆಹಲಿಯಲ್ಲಿ ಕೂಗಿ ಕರೆದದ್ದು ಸಣ್ಣ ಮಾತಲ್ಲ.

ಅವರ ಕೆಲಸದಲ್ಲಿ ಕೊರತೆ ಇರಲಿಲ್ಲವೆಂದು ನಾನು ಹೇಳಲಾರೆ. ಎಂಪೋರಿಯಂ ದಾರಿಯಿಂದ ಕೈಕಸಬು ಉಳಿಯಿತು, ನಿಜ. ಆದರೆ ಬೆಲೆ ಏರಿ ಅದು ಉಳ್ಳವರ ಹಜಾರಕ್ಕೆ ಹೋಯಿತು. ನಮ್ಮಂಥವರ ಮನೆಗೆ ಬಂದದ್ದು ಪ್ಲಾಸ್ಟಿಕ್ ಚಾಪೆ. ಸಹಜ ಬಣ್ಣವೆಲ್ಲ ಒಳ್ಳೆಯದು, ರಾಸಾಯನಿಕವೆಲ್ಲ ಕೆಟ್ಟದ್ದು ಎಂದು ಭಾಷಣ ಮಾಡುವುದೂ ಸುಲಭ. ಅರಿಶಿನದ ಹಳದಿ ಬಿಸಿಲಿಗೆ ನಿಲ್ಲುವುದಿಲ್ಲ, ಇಂದಿನ ಒಳ್ಳೆಯ ರಾಸಾಯನಿಕ ಬಣ್ಣ ನಿಲ್ಲುತ್ತದೆ.

ಇಚಲಕರಂಜಿಯ ಸದಸ್ಯರು ಇಲ್ಲಿ ನನ್ನನ್ನು ತಡೆದು ಕೇಳಬಹುದು. ಕಮಲಾದೇವಿಯವರು ಹುಟ್ಟಿದ ಮರುವರ್ಷ, 1904ರಲ್ಲಿ, ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಪ್ರೋತ್ಸಾಹದಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಇಂದು ಆ ಊರಿನ ಅನ್ನವೇ ಅದು. ಅನೇಕ ಕನ್ನಡ ನೇಕಾರ ಮನೆತನಗಳು ಆ ಖಟಖಟ ಸದ್ದಿನಲ್ಲೇ ಮಕ್ಕಳನ್ನು ಓದಿಸಿವೆ. ಅವರ ಮುಂದೆ ಕೈಮಗ್ಗದ ಗುಣಗಾನ ಮಾಡಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಂದು ಸಂಗತಿ. 1985ರಲ್ಲಿ ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಕಾಯ್ದಿರಿಸುವ ಕಾಯ್ದೆ ಬಂತು. ಮೊದಲು 22 ಬಗೆ ಇದ್ದವು, ಈಗ ಇಳಿದು 11 ಆಗಿವೆ. ಆ ಹನ್ನೊಂದರಲ್ಲಿ ಜಮಖಾನ ಇನ್ನೂ ಇದೆ. ಅದನ್ನು ಪವರ್‌ಲೂಮಿನಲ್ಲಿ ನೇಯುವ ಹಾಗಿಲ್ಲ. ಪೇಟೆಗೆ ಹೋಗಿ ನೋಡಿದರೆ ಕಾಯ್ದೆ ಎಷ್ಟು ನಡೆಯುತ್ತಿದೆ ಎಂದು ನಿಮಗೇ ತಿಳಿಯುತ್ತದೆ.

ಗೌರವಗಳು ಬಂದವು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. ಆತ್ಮಕಥೆ ಬರೆದು ಮುಗಿಸಿದಾಗ ಎಂಬತ್ತು ದಾಟಿತ್ತು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು.

ಸದಸ್ಯರಲ್ಲಿ ಒಂದು ವಿನಂತಿ. ಮನೆಯಲ್ಲಿ ಅಜ್ಜ ಅಜ್ಜಿಯರ ಕಾಲದ ಜಮಖಾನವೋ ಕಂಬಳಿಯೋ ಇದ್ದರೆ ಅಟ್ಟದಿಂದ ಇಳಿಸಿ ನೋಡಿ. ಒಂದು ಬಿಳಿ ಅರಿವೆಯನ್ನು ಒದ್ದೆ ಮಾಡಿ ಮೂಲೆಯಲ್ಲಿ ಮೆಲ್ಲಗೆ ಒತ್ತಿ. ಬಣ್ಣ ಹತ್ತಿದರೆ ನೀರಿಗೆ ಹಾಕಬೇಡಿ, ಬ್ಲೀಚಂತೂ ಯಾವುದಕ್ಕೂ ಬೇಡ. ನೆರಳಿನಲ್ಲಿ ಹರವಿ ಧೂಳು ಝಾಡಿಸಿ, ಬೇವಿನ ಸೊಪ್ಪು ಒಣಗಿಸಿಟ್ಟು ಸುರುಳಿ ಸುತ್ತಿ. ಮಡಚಿದರೆ ಮಡಿಕೆಯಲ್ಲೇ ಹರಿಯುತ್ತದೆ. ಎರಡೂ ಮೈಯ ಚಿತ್ರ ತೆಗೆದು, ಯಾವ ಊರಿಂದ, ಯಾರ ಮದುವೆಗೆ ತಂದದ್ದು ಎಂದು ಮನೆಯ ಹಿರಿಯರಲ್ಲಿ ಕೇಳಿ ನಾಲ್ಕು ಸಾಲು ಬರೆದು ಸಂಘಕ್ಕೆ ಕಳಿಸಿ. ನೇಯ್ದವರ ಹೆಸರು ಯಾರಿಗಾದರೂ ನೆನಪಿದ್ದರೆ ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ.